ಎರಡು ಬೆರಳು ಕೆಳಗೆ

ಎಸ್ತೇರಮ್ಮ ಹಾಡುತ್ತಾಳೆ ಅಂದರೆ
ಮೈಕಿನ ಕಂಬ ಎರಡು ಬೆರಳು ಕೆಳಗಿಳಿಸಬೇಕು.
ಕತ್ತು ಎತ್ತಿ ಹಾಡಿದರೆ ದೇವರಿಗೆ ಕೇಳಿಸುತ್ತೆ,
ತಗ್ಗಿಸಿ ಹಾಡಿದರೆ ಪಕ್ಕದಲ್ಲಿ ಕೂತವನಿಗೆ, ಅನ್ನುತ್ತಿದ್ದಳು.
ಮಂಡಿಪೇಟೆಯ ಸಂದಿಯಲ್ಲಿ ನನ್ನ ಸೌಂಡ್ ಸರ್ವೀಸು:
ಎರಡು ಹಾರ್ನು, ಒಂದು ಆಂಪ್ಲಿಫೈಯರು, ಬಾಡಿಗೆ ಸೈಕಲ್ಲು.

ಅವಳಪ್ಪ ದಾನಪ್ಪನದು ವಾರವೆಲ್ಲ ಕಾಟನ್ ಮಿಲ್ಲು,
ಲಗ್ನದ ದಿನ ಬಂದರೆ ಬ್ಯಾಂಡ್‌ಸೆಟ್ಟಿನ ಕ್ಲಾರಿಯೋನೆಟ್ಟು.
ಕೆಂಪು ಕೋಟಿನ ಹಿತ್ತಾಳೆ ಗುಂಡಿಗಳಲ್ಲಿ ಉಳಿದದ್ದು ಮೂರು.
ಮುರಿದ ಕೀಲಿಗೆ ರಬ್ಬರ್ ಬ್ಯಾಂಡ್ ಬಿಗಿದು ಊದುತ್ತಿದ್ದ.
ಹತ್ತಿಯ ಧೂಳು ಕುಡಿದ ಎದೆ,
ಮೆರವಣಿಗೆ ಚೌಕಿ ದಾಟುವಷ್ಟರಲ್ಲಿ ಉಸಿರು ತುಂಡಾಗಿ
ಸ್ವರ ಅರ್ಧಕ್ಕೇ ಜಾರುತ್ತಿತ್ತು.
ಜಾರಿದ್ದನ್ನು, ತಲೆಯ ಮೇಲೆ ಗ್ಯಾಸ್‌ಲೈಟ್ ಹೊತ್ತು ಹಿಂದೆ ಬರುತ್ತಿದ್ದ ಮಗಳು
ನೆಲ ಮುಟ್ಟುವ ಮೊದಲೇ ಬಾಯಲ್ಲಿ ಹಿಡಿಯುತ್ತಿದ್ದಳು.

ಶ್ರುತಿಪೆಟ್ಟಿಗೆ ಎಲ್ಲಿಂದ ಬರಬೇಕು?
ಬೆಳಗಿನ ಆರರ ಸೈರನ್ನೇ ಅವಳಿಗೆ ಷಡ್ಜ.
ಸೈರನ್ನಿಗೂ ವಯಸ್ಸಾಗಿತ್ತು, ಒಂದು ಕೂದಲು ತಗ್ಗು.
ಆ ಕೂದಲನ್ನೇ ಹಿಡಿದು ಹೋದಳು,
ಮೊದಲು ಚರ್ಚಿನ ಕೊನೆಯ ಬೆಂಚಿಗೆ,
ಆಮೇಲೆ ಬೆಂಗಳೂರು ದಂಡಿನ ಹೋಟೆಲಿಗೆ.
ಅಲ್ಲಿ ಪಿಯಾನೋದ ಫೆಲಿಸಿಯೊ ಎರಡು ತಿಂಗಳು ತಕರಾರು ಮಾಡಿದ:
ಈ ಹುಡುಗಿ ಸ್ವರ ಇಳಿಸುತ್ತಾಳೆ.
ಮೂರನೆಯ ತಿಂಗಳು, ಗಿರಾಕಿಗಳೆಲ್ಲ ಎದ್ದುಹೋದ ಮೇಲೆ,
ಕರಿ ಮನೆಗೂ ಬಿಳಿ ಮನೆಗೂ ನಡುವಿನ ಸಂದಿ ತಡವಿ
ನೀನಿರೋದು ಇಲ್ಲಿ ಕಣಮ್ಮಾ, ಅಂದನಂತೆ.

ಬೊಂಬಾಯಿಯಲ್ಲಿ ಎಸ್ತೇರಮ್ಮ ಸ್ಟೆಲ್ಲಾ ಆದಳು.
ಇಂಗ್ಲಿಷಿನ ಹಾಡು, ಎರಡು ಗೆರೆ ಕಾಪಿಯಲ್ಲಿ ಕನ್ನಡ ಅಕ್ಷರ.
ಈ ಸಾಲಿನ ಅರ್ಥ ಏನು ಅಂತ ಕೇಳಿದರೆ
ಗಂಡಸು ಬಿಟ್ಟುಹೋದ, ಮಳೆ ಬರ್ತಿದೆ, ಅಂದರು.
ನಮ್ಮೂರಲ್ಲಿ ಮಳೆ ಬರಲ್ಲ, ಮಿಕ್ಕಿದ್ದೆಲ್ಲ ಸರಿ, ಅಂದಳು.
ಗಂಡ ಅಂತ ಒಬ್ಬನಿದ್ದ, ಡ್ರಮ್ಮು ಬಾರಿಸುತ್ತಿದ್ದ.
ತಾಳ ತಪ್ಪುತ್ತಿರಲಿಲ್ಲ, ಮನೆ ದಾರಿ ತಪ್ಪುತ್ತಿತ್ತು.
ರೆಕಾರ್ಡು ಬಂದದ್ದು ಒಂದೇ. ನನ್ನ ಹತ್ತಿರ ಇದೆ,
ಎರಡನೆಯ ಚರಣದಲ್ಲಿ ಗೀರು; ಮುಳ್ಳು ಅಲ್ಲೇ ಸುತ್ತುತ್ತ ನಿಲ್ಲುತ್ತೆ,
ನಾನೂ ಎತ್ತಲು ಹೋಗುವುದಿಲ್ಲ.

ಹೋಟೆಲುಗಳಿಗೆ ಟೇಪು ಬಂತು, ಗಂಟಲಿಗೆ ಗಂಟು ಬಂತು.
ರಾತ್ರಿ ರೈಲಿಗೆ ಇಳಿದವಳು ನೇರ ನನ್ನ ಅಂಗಡಿ ಮುಂದೆ:
ಒಂದು ಟ್ರಂಕು, ಬಾಯಲ್ಲಿ ಲವಂಗ.
ಎಷ್ಟು ಹೊತ್ತಾಯ್ತು, ಸೈರನ್ ಕೂಗಲಿಲ್ಲವಲ್ಲ?
ಮಿಲ್ಲು ಮುಚ್ಚಿ ನಾಲ್ಕು ವರ್ಷ ಅಂದೆ.
ಮಂಡಕ್ಕಿ ಪೊಟ್ಟಣ ಬಿಚ್ಚಿದ್ದಳು. ಹಾಗೇ ಮಡಚಿ ಇಟ್ಟಳು.

ಬಾಕಿ ಹಣಕ್ಕೆ ಗೇಟಿನ ಮುಂದೆ ಮುದುಕರ ಧರಣಿ,
ಹನ್ನೊಂದನೆಯ ದಿನ. ಶಾಮಿಯಾನದಲ್ಲಿ ತೂತು, ಭಾಷಣದಲ್ಲೂ.
ದಾನಪ್ಪನ ಮಗಳು ಒಂದು ಹೋರಾಟದ ಹಾಡು ಹೇಳಲಿ ಅಂದರು.
ನಾನು ಕಂಬ ಇಳಿಸಿದೆ.
ಹಾಡು ಹೇಳಲಿಲ್ಲ ಅವಳು.
ಕಣ್ಣು ಮುಚ್ಚಿ, ಹೊಟ್ಟೆಯ ತಳದಿಂದ ಒಂದೇ ಸ್ವರ ಎಳೆದಳು,
ಒಂದು ಕೂದಲು ತಗ್ಗು,
ಏರಿ, ನಿಂತು, ನಡುವೆ ಆ ಗಂಟಿಗೆ ತಾಗಿ ಒಡೆದು,
ಒಡೆದಂತೆಯೇ ಮುಂದಕ್ಕೆ.
ಕೂತಿದ್ದವರು ಒಬ್ಬೊಬ್ಬರೇ ಎದ್ದರು.
ಯಾರೋ ಚಪ್ಪಲಿ ಮೆಟ್ಟಿದ.
ಸೈಜಿಂಗ್ ಖಾತೆಯ ಹಾಲೇಶಪ್ಪ, ಎಪ್ಪತ್ತೆರಡು ವರ್ಷ,
ಪಕ್ಕಕ್ಕೆ ಕೈಚಾಚಿ ಬುತ್ತಿ ಡಬ್ಬಿ ತಡಕಾಡಿದ.
ಬೀಗ ಹಾಕಿದ ಗೇಟಿನವರೆಗೂ ಹೋದರು.
ನನ್ನ ಮೀಟರಿನ ಮುಳ್ಳು ಕೆಂಪಿನಲ್ಲಿ ಸಿಕ್ಕಿಕೊಂಡಿತ್ತು.

ಬಾಕಿ ಬಂತೇ? ಅರ್ಧ ಬಂತು, ಅರ್ಧ ಜನ ಉಳಿದ ಮೇಲೆ.
ಎಸ್ತೇರಮ್ಮ ಆ ಅರ್ಧದಲ್ಲಿಲ್ಲ.
ಮೈಕಿನ ಟೊಪ್ಪಿಯಲ್ಲಿ ಲವಂಗದ ವಾಸನೆ ಬಹಳ ದಿನ ಇತ್ತು,
ಒಗೆದದ್ದು ನನ್ನ ಹೆಂಡತಿ, ತಿಳಿಯದೆ.

ಈಗಲೂ ಬಾಡಿಗೆಗೆ ಒಯ್ದವರು ಬೈಯುತ್ತಾರೆ:
ಏನ್ರೀ ನಿಮ್ಮ ಕಂಬ, ಭಾಷಣದ ನಡುವೆ ಕೆಳಗಿಳಿಯುತ್ತೆ.
ಸ್ಕ್ರೂ ಸವೆದಿದೆ ಅನ್ನುತ್ತೇನೆ.
ಹೊಸ ಸ್ಕ್ರೂ ಡ್ರಾಯರಿನಲ್ಲೇ ಇದೆ.